ಯಸಳೂರಿನಲ್ಲಿ ನೀರಿಗೆ ಹೆಪ್ಪು

ಹಾಲಿಗೆ ಹೆಪ್ಪು ಹಾಕುವುದನ್ನು ಅರಿಯದ ಗೃಹಿಣಿಯಿಲ್ಲ. ಆದರೆ ನೀರಿಗೂ ಹೆಪ್ಪು ಹಾಕಬೇಕಾಗುವುದುಂಟೆಂದೂ, ಆ ಹೆಪ್ಪು ಹಿಡಿಯುವತನಕ ಮನೆಮಂದಿಯೆಲ್ಲ ತಾಳ್ಮೆಯಿಂದ ಕಾದಿರಬೇಕೆಂದೂ ನಾವು ತಿಳಿದುದು ಮಲೆನಾಡಿನ ಒಂದು ಮನೆಯ ಹಿತ್ತಿಲಲ್ಲಿ. ಆ ಸಂಗತಿಯನ್ನು ನಮ್ಮ ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ. ಮನೆಯ ಬೆನ್ನಿಗೆ ನಾಲ್ಕು ಮೊಳ ಜಾಗವಿರುವ ಯಾರಿಗಾದರೂ ಇದರಿಂದ ಉಪಯೋಗವಾದೀತೆಂದು ನಂಬಿದ್ದೇವೆ.

ನಮ್ಮ ಮನೆಯಾಕೆಯ ತೌರು ಹಾಸನ ಜಿಲ್ಲೆಯ ಯಸಳೂರಿನ ಬಳಿಯ ಒಂದು ಕಾಫಿತೋಟದ ಮನೆ. ಕಳೆದ ಚೈತ್ರದಲ್ಲಿ ನಾವಿಬ್ಬರೂ ಅಲ್ಲಿಗೆ ಹೊರಟೆವು. ಹಾಸನವನ್ನು ಬಿಟ್ಟು ಆಲೂರನ್ನು ದಾಟಿ ಸಕಲೇಶಪುರವನ್ನು ಸಮೀಪಿಸುವಷ್ಟರಲ್ಲಿ ಬಯಲುಸೀಮೆಯು ಹಿಂದುಳಿದು, ಬೆಟ್ಟಗಳು ಒಂದರ ಹೆಗಲ ಮೇಲೊಂದು ಕಾಣಿಸಿಕೊಳ್ಳತೊಡಗಿದುವು. ಸಕಲೇಶಪುರವು ಹೇಮಾವತಿಯ ದಡದಲ್ಲಿ, ಸಮುದ್ರಮಟ್ಟದಿಂದ ಸುಮಾರು ೯೫೦ ಮೀಟರು ಎತ್ತರದಲ್ಲಿರುವ ಊರು. ಈ ಸೀಮೆಗೆ ಹಿಂದೆ ಮಂಜರಾಬಾದು ಎಂಬ ಹೆಸರಿದ್ದಿತು. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯು ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಅಲ್ಲಿಂದ ತೆಂಕಣ ದಿಕ್ಕಿಗೆ ತಿರುಗಿದ ಹಾದಿಯು ಕಾಫಿತೋಟಗಳ ನಡುವೆ ಹಾವಿನಂತೆ ಸುತ್ತಿ ಬಳಸಿ ಯಸಳೂರಿನ ಕಡೆಗೆ ಏರಿಳಿಯುವುದು. ಹೂಮಳೆ ಬಿದ್ದು ಏಳೆಂಟು ದಿನಗಳಾಗಿದ್ದುವು. ಗಿಡಗಳೆಲ್ಲ ಬೆಳ್ಳಗೆ ಹೂಬಿಟ್ಟು, ಮಲ್ಲಿಗೆಯ ನೆನಪು ತರುವ ಪರಿಮಳವು ವಾಹನದ ಒಳಕ್ಕೂ ನುಗ್ಗಿಬರುತ್ತಿದ್ದಿತು.

ಇಂತಹ ನಾಡಿನಲ್ಲಿ ನೀರಿಗೆ ಬರವೆಂದರೆ ಯಾರು ನಂಬುವರು? ಆದರೂ ಅದು ನಿಜ. ಜ್ಯೇಷ್ಠದಿಂದ ಭಾದ್ರಪದದವರೆಗೆ ಹಗಲಿರುಳೆನ್ನದೆ ಸುರಿಯುವ ಮಳೆಯು ಇಳಿಜಾರಿನಲ್ಲಿ ನಿಲ್ಲದೆ ಓಡಿಹೋಗುವುದು. ಫಾಲ್ಗುಣ ಚೈತ್ರಗಳಲ್ಲಿ ಹಳ್ಳಗಳು ಸೊರಗಿ, ತೋಟದ ಕೆರೆಯ ನೀರೆಲ್ಲ ಕಾಫಿಯ ಹೂವಿಗೆ ಮೀಸಲಾಗುವುದು. ಅಡಿಗೆಮನೆಯ ತರಕಾರಿಗೆ ಉಳಿಯುವುದು ಪಾತ್ರೆ ತೊಳೆದ ನೀರು ಮಾತ್ರ.

ನಮ್ಮ ಅತ್ತೆಯವರಿಗೆ ಇದಕ್ಕಿಂತ ದೊಡ್ಡ ತೊಂದರೆಯೊಂದು ಒದಗಿದ್ದಿತು. ಮನೆಯಿಂದ ಕೆಳಗೆ, ಗದ್ದೆಯ ಅಂಚಿನಲ್ಲಿ, ಅವರದೊಂದು ತರಕಾರಿಯ ಮಡಿಯಿದ್ದಿತು. ಮದುವೆಯಾಗಿ ಬಂದ ವರ್ಷದಿಂದ ಹರಿವೆ, ಬಸಳೆ, ಬದನೆ, ಹೀರೆ ಎಲ್ಲವನ್ನೂ ಅವರು ಅಲ್ಲಿಯೇ ಬೆಳೆದುಕೊಂಡವರು. ಆದರೆ ಆಲೂರು ಸಕಲೇಶಪುರದ ಈ ಬೆಟ್ಟಗಳಲ್ಲಿ ಕಾಡಾನೆಗಳ ಓಡಾಟವು ವರ್ಷವರ್ಷಕ್ಕೆ ಹೆಚ್ಚುತ್ತಬಂದು, ಬತ್ತ ಕಾಳುಗಟ್ಟುವ ವೇಳೆಗೆ ಗದ್ದೆಗಿಳಿಯುವುದೇ ಅಪಾಯವಾಯಿತು. ಎಷ್ಟೋ ಮಂದಿ ಗದ್ದೆಗಳನ್ನು ಹಾಳುಬಿಟ್ಟರು. ಒಂದು ಮುಂಜಾನೆ ಮಡಿಯ ಪಕ್ಕದಲ್ಲಿಯೇ ಆನೆಯ ಹೆಜ್ಜೆ ಕಂಡ ಮೇಲೆ ಮಗನು ತಾಯಿಯನ್ನು ಕೆಳಗೆ ಹೋಗಗೊಡಲಿಲ್ಲ. ಅಂದಿನಿಂದ ಸೊಪ್ಪುಸದೆಯೆಲ್ಲ ಸಂತೆಯಿಂದ ಬರತೊಡಗಿತು. ಅತ್ತೆಯವರು ಬಾಯಿಬಿಟ್ಟು ಏನನ್ನೂ ಆಡಲಿಲ್ಲ. ಆದರೆ ಹಗಲೆಲ್ಲ ಜಗಲಿಯ ಮೇಲೆ ಸುಮ್ಮನೆ ಕುಳಿತಿರುವ ತಾಯಿಯನ್ನು ಕಂಡು ಮಗಳು ನಮ್ಮೊಡನೆ ಹೇಳಿಕೊಂಡು ಕಣ್ಣೀರಿಟ್ಟುದುಂಟು. ದುಡಿದ ಕೈಗೆ ಕೆಲಸ ತಪ್ಪಿದರೆ ಅದು ವಿಶ್ರಾಂತಿಯಲ್ಲ, ಒಂದು ಬಗೆಯ ಸೆರೆ.

ಇದನ್ನು ಕಂಡೇ ನಮ್ಮ ಭಾವಮೈದುನನು ಮನೆಯ ಬೇಲಿಯೊಳಗೆ, ಹಿತ್ತಿಲಿನಲ್ಲಿಯೇ, ಅಕ್ವಾಪೋನಿಕ್ಸ್ ಎಂಬ ಹೊಸ ಬಗೆಯ ಬೇಸಾಯವನ್ನು ಹೂಡಲು ಮನಸ್ಸು ಮಾಡಿದುದು. ಹೆಸರು ಕಠಿಣವಾದರೂ ಸಂಗತಿ ಸುಲಭ. ಒಂದು ತೊಟ್ಟಿಯಲ್ಲಿ ಮೀನು. ಅದಕ್ಕಿಂತ ಎತ್ತರದ ಪಾತಿಯಲ್ಲಿ ಜಲ್ಲಿಕಲ್ಲು. ಜಲ್ಲಿಯಲ್ಲಿ ಬೇರುಬಿಟ್ಟ ಗಿಡಗಳು. ಮಣ್ಣೆಂಬುದಿಲ್ಲ. ಮೀನಿನ ತೊಟ್ಟಿಯ ಕೊಳಕುನೀರನ್ನು ಸಣ್ಣದೊಂದು ಪಂಪು ಪಾತಿಗೆ ಏರಿಸುವುದು. ಗಿಡಗಳು ಅದರಲ್ಲಿನ ಸಾರವನ್ನುಂಡು ನೀರನ್ನು ಶುದ್ಧಮಾಡಿ ಮರಳಿ ಮೀನಿಗೆ ಒಪ್ಪಿಸುವುವು. ಆವಿಯಾದಷ್ಟು, ಗಿಡ ಕುಡಿದಷ್ಟು ನೀರನ್ನು ಮಾತ್ರ ಹೊಸದಾಗಿ ತುಂಬಿದರಾಯಿತು. ಬೇಸಗೆಯಲ್ಲಿ ನೀರಿನ ಲೆಕ್ಕವಿಡುವ ಮನೆಗೆ ಇದಕ್ಕಿಂತ ಒಪ್ಪುವ ಉಪಾಯವುಂಟೇ?

ಮೀನನ್ನೂ ಪೈರನ್ನೂ ಒಂದೇ ನೀರಿನಲ್ಲಿ ಬೆಳೆಯುವ ವಿದ್ಯೆಯು ಹೊಸತಲ್ಲ. ಅರುಣಾಚಲದ ಜೀರೋ ಕಣಿವೆಯಲ್ಲಿ ಅಪತಾನಿ ಜನರು ಬತ್ತದ ಗದ್ದೆಯಲ್ಲಿಯೇ ಮೀನನ್ನು ಸಾಕುವರು. ನಮ್ಮ ಮಲೆನಾಡಿನಲ್ಲಿಯೂ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿಬರುವ ಹತ್ತುಮೀನನ್ನು ಅರಿಯದವರಿಲ್ಲ. ಆದರೆ ತೊಟ್ಟಿ, ಪಾತಿ, ಪಂಪುಗಳ ಈಗಿನ ಕ್ರಮವು ರೂಪುಗೊಂಡುದು ಕಳೆದ ಐವತ್ತು ಅರುವತ್ತು ವರ್ಷಗಳಲ್ಲಿ. ಅಮೆರಿಕದಲ್ಲಿ ೧೯೭೦ರ ದಶಕದಿಂದ ಈ ಪ್ರಯೋಗಗಳು ನಡೆದುವು. ವರ್ಜಿನ್ ದ್ವೀಪಗಳ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ರಾಕೋಸಿ ಎಂಬ ವಿಜ್ಞಾನಿಯು ಅನೇಕ ವರ್ಷ ದುಡಿದು ಮೀನಿಗೆಷ್ಟು ಗಿಡ, ಗಿಡಕ್ಕೆಷ್ಟು ಮೇವು ಎಂಬ ಲೆಕ್ಕವನ್ನು ಖಚಿತಗೊಳಿಸಿದನು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೨೦೧೪ರಲ್ಲಿ ಮನೆಮಟ್ಟದ ಅಕ್ವಾಪೋನಿಕ್ಸನ್ನು ಕುರಿತು ಒಂದು ದೊಡ್ಡ ಕೈಪಿಡಿಯನ್ನೇ ಪ್ರಕಟಿಸಿತು. ನಮ್ಮ ಭಾವಮೈದುನನು ಓದಿದುದು ಅದನ್ನೇ.

ಓದಿದನು, ಆದರೆ ಪೂರ್ತಿಯಾಗಿ ಓದಲಿಲ್ಲ. ಹಿಂದಿನ ದೀಪಾವಳಿಯ ಹೊತ್ತಿಗೆ ಸಾವಿರ ಲೀಟರಿನ ತೊಟ್ಟಿಯನ್ನಿರಿಸಿ, ಇಟ್ಟಿಗೆಯಿಂದ ಪಾತಿ ಕಟ್ಟಿ, ಜಲ್ಲಿ ತುಂಬಿ, ಒರತೆಯ ತಿಳಿನೀರನ್ನು ಬಿಟ್ಟು, ಎರಡನೆಯ ದಿನವೇ ಗೆಂಡೆಮೀನಿನ ೪೦ ಮರಿಗಳನ್ನು ತಂದು ಬಿಟ್ಟನು. ನೀರು ಕನ್ನಡಿಯಂತಿದ್ದಿತು. ಅತ್ತೆಯವರು ಬಹಳ ದಿನಗಳ ಮೇಲೆ ಜಗಲಿಯಿಂದೆದ್ದು ಬಂದು, ಮರಿಗಳಿಗೆ ತಾವೇ ಮೇವು ಹಾಕತೊಡಗಿದರು. ಎಂಟನೆಯ ದಿನ ಮೀನುಗಳು ಮೇವನ್ನು ಮುಟ್ಟಲಿಲ್ಲ. ಹತ್ತನೆಯ ದಿನ ಬೆಳಗಾಗುವಷ್ಟರಲ್ಲಿ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದುವು. ಅತ್ತೆಯವರು ಅವನ್ನು ಆಯ್ದು ಹಲಸಿನ ಮರದ ಬುಡದಲ್ಲಿ ಹೂಳಿಸಿ, "ಇನ್ನು ಈ ಆಟ ಸಾಕು" ಎಂದು ಹೇಳಿ ಮರಳಿ ಜಗಲಿಯನ್ನು ಸೇರಿದರು.

ತಿಳಿನೀರಿನಲ್ಲಿ ಮೀನು ಏಕೆ ಸತ್ತಿತು? ಇದನ್ನರಿತರೆ ಅರ್ಧ ವಿದ್ಯೆ ಕೈಗೂಡಿದಂತೆ. ಮೀನು ಉಂಡ ಮೇವಿನ ಶೇಷವು ಅಮೋನಿಯವಾಗಿ ನೀರಿನಲ್ಲಿ ಕರಗುವುದು. ಕಣ್ಣಿಗೆ ಕಾಣದ ಈ ವಿಷವು ಹೆಚ್ಚಿದಂತೆಲ್ಲ ಮೀನಿನ ಕಿವಿರುಗಳು ಬೇಯುವುವು. ಹಳೆಯ ಕೆರೆಯಲ್ಲಿ ಹಾಗಾಗುವುದಿಲ್ಲ. ಏಕೆಂದರೆ ಅಲ್ಲಿನ ಕಲ್ಲು ಕೆಸರುಗಳ ಮೇಲೆ ಎರಡು ಬಗೆಯ ಸೂಕ್ಷ್ಮಜೀವಿಗಳು ನೆಲಸಿರುವುವು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುವುವು. ಅದೂ ಮೀನಿಗೆ ವಿಷವೇ. ಮತ್ತೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುವುವು; ಅದು ಮೀನಿಗೆ ಅಷ್ಟೇನೂ ಬಾಧಕವಲ್ಲ, ಗಿಡಕ್ಕಂತೂ ಮೃಷ್ಟಾನ್ನ. ಹೊಸ ತೊಟ್ಟಿ, ಹೊಸ ಜಲ್ಲಿ, ಹೊಸ ನೀರು ಎಲ್ಲವೂ ಕೂಡಿದಲ್ಲಿ ಈ ಜೀವಿಗಳೇ ಇಲ್ಲ. ನೀರು ಸ್ವಚ್ಛವಾಗಿದ್ದುದೇ ಮರಿಗಳಿಗೆ ಮೃತ್ಯುವಾಯಿತು.

ನಾವು ಹೋದ ಮರುದಿನ ಭಾವಮೈದುನನು ಇದೆಲ್ಲವನ್ನೂ ತಾಯಿಯ ಮುಂದೆ ವಿವರಿಸಿ, ಮತ್ತೊಮ್ಮೆ ಅಪ್ಪಣೆ ಬೇಡಿದನು. ಅತ್ತೆಯವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಕಡೆ ತಿರುಗಿ, "ಅಳಿಯಂದಿರೆ, ನೀವೇ ಹೇಳಿ, ಒಲೆ ಹಚ್ಚದ ಮನೆಗೆ ನೆಂಟರನ್ನು ಕರೆಯುವುದುಂಟೇ?" ಎಂದರು. ಬಳಿಕ ಮಗನನ್ನು ಕುರಿತು, "ಹಾಲು ಮೊಸರಾಗುವುದಕ್ಕೆ ಹೆಪ್ಪು ಬೇಕು. ನಿನ್ನ ನೀರಿಗೂ ಹೆಪ್ಪು ಬೇಕು. ತೋಟದ ಕೆರೆಯಲ್ಲಿ ಮೀನು ಚೆನ್ನಾಗಿವೆಯಲ್ಲ, ಅಲ್ಲಿಯ ನಾಲ್ಕು ಕಲ್ಲನ್ನು ತಂದು ಹಾಕಿ ನೋಡು ಮಗ" ಎಂದರು.

ಆ ಮಾತನ್ನು ಕೇಳಿ ನಮಗೆ ರೋಮಾಂಚವಾಯಿತು. ಏಕೆಂದರೆ ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಜ್ ಎಂಬ ಇಬ್ಬರು ವಿಜ್ಞಾನಿಗಳು ಕಂಡುಕೊಂಡ ತತ್ತ್ವವೇ ಇದಾಗಿದ್ದಿತು. ಅವರು ಮರಳು ಸುಣ್ಣಕಲ್ಲುಗಳನ್ನು ತುಂಬಿದ ನಳಿಗೆಯೊಂದರ ಮೂಲಕ ಚರಂಡಿಯ ನೀರನ್ನು ಮೆಲ್ಲಮೆಲ್ಲನೆ ಇಳಿಯಬಿಟ್ಟರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ಅಮೋನಿಯವು ಹೋದಂತೆಯೇ ಹೊರಬಂದಿತು. ಆ ಬಳಿಕ ಅದು ನೈಟ್ರೇಟಾಗಿ ಬರತೊಡಗಿತು. ಕ್ಲೋರೋಫಾರಂ ಆವಿಯನ್ನು ಹಾಯಿಸಿದೊಡನೆ ಆ ಕ್ರಿಯೆ ನಿಂತುಹೋಯಿತು. ತೋಟದ ಮಣ್ಣನ್ನು ಕದಡಿದ ಸ್ವಲ್ಪ ನೀರನ್ನು ಸೇರಿಸಲು ಕೆಲವು ದಿನಗಳಲ್ಲಿ ಮತ್ತೆ ಮೊದಲಾಯಿತು. ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸವೆಂದು ಆಗ ಸಿದ್ಧವಾಯಿತು. ಅಂದು ಪ್ಯಾರಿಸಿನ ಪ್ರಯೋಗಶಾಲೆಯಲ್ಲಿ ನಿಶ್ಚಯವಾದ ಮಾತು, ಮೊಸರಿನ ಗಡಿಗೆಯನ್ನು ಮಾತ್ರ ಬಲ್ಲ ಯಸಳೂರಿನ ಮುದುಕಿಯ ಬಾಯಿಂದ ಸಹಜವಾಗಿ ಹೊರಟಿತು.

ಅಪ್ಪಣೆಯೇನೋ ದೊರೆಯಿತು, ಆದರೆ ಷರತ್ತಿನೊಡನೆ: ನೀರು ಹದವಾಯಿತೆಂದು ತಾವು ಹೇಳುವತನಕ ಒಂದು ಮರಿಯೂ ತೊಟ್ಟಿಯನ್ನು ಸೇರಕೂಡದು. ಕೆಲಸ ಮೊದಲಾಯಿತು. ಹಿತ್ತಿಲು ಎರಡು ಮೆಟ್ಟಿಲಾಗಿದ್ದುದು ಅನುಕೂಲವೇ ಆಯಿತು. ಕೆಳಗಣ ಮೆಟ್ಟಿಲಲ್ಲಿ ತೊಟ್ಟಿ. ಮೇಲಣ ಮೆಟ್ಟಿಲಲ್ಲಿ ೩ ಮೀಟರು ಉದ್ದ, ೧ ಮೀಟರು ಅಗಲ, ೩೦ ಸೆಂಟಿಮೀಟರು ಆಳದ ಪಾತಿ. ಅದರೊಳಗೆ ತಾರ್ಪಾಲು ಹಾಸಿ, ಚೆನ್ನಾಗಿ ತೊಳೆದ ೨೦ ಮಿಲಿಮೀಟರಿನ ಜಲ್ಲಿಯನ್ನು ತುಂಬಿದ್ದಿತು. ಪಾತಿಯ ಒಂದು ಮೂಲೆಯಲ್ಲಿ ನೀರಿಳಿಯುವ ಕೊಳವೆಯ ಮೇಲೆ ಮತ್ತೊಂದು ದಪ್ಪ ಕೊಳವೆಯನ್ನು ಗಂಟೆಯಂತೆ ಬೋರಲು ಹಾಕಿದ್ದನು. ಕೃಷ್ಣನ ಪಾದ ಮುಟ್ಟಿದೊಡನೆ ನೀರೆಲ್ಲ ಇಳಿದುಹೋಗುವ ವಸುದೇವನ ಬಟ್ಟಲನ್ನು ಕಂಡವರಿಗೆ ಇದರ ಗುಟ್ಟು ತಿಳಿದೀತು. ಪಾತಿಯಲ್ಲಿ ನೀರು ಗೊತ್ತಾದ ಮಟ್ಟಕ್ಕೇರಿದ ಕೂಡಲೆ ಗುಳಗುಳ ಸದ್ದು ಮಾಡುತ್ತ ತಾನೇ ತೊಟ್ಟಿಗಿಳಿಯುವುದು, ಮತ್ತೆ ತುಂಬುವುದು. ಹೀಗೆ ಬೇರಿಗೆ ಒಮ್ಮೆ ನೀರು, ಒಮ್ಮೆ ಗಾಳಿ ದೊರೆಯುವುವು. ಆ ಸೂಕ್ಷ್ಮಜೀವಿಗಳಿಗೂ ಇವೆರಡೂ ಬೇಕು.

ನೀರನ್ನು ಶೇಖರಿಸುವುದಕ್ಕೆಂದು ಆಳೊಬ್ಬನು ಕೊಟ್ಟಿಗೆಯಿಂದ ಹಳೆಯ ಪೀಪಾಯಿಯೊಂದನ್ನು ಉರುಳಿಸಿ ತಂದನು. ಅತ್ತೆಯವರು ಅದರ ಅಂಚಿನ ನೀಲಿ ಕಲೆಯನ್ನು ಕಂಡು ಒಡನೆಯೇ ತಡೆದರು. ಕಾಫಿಗೂ ಮೆಣಸಿಗೂ ಮಳೆಗಾಲದ ಮುಂಚೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತವನ್ನು ನೆನೆಹಾಕುತ್ತಿದ್ದ ಪೀಪಾಯಿಯದು. ಮೈಲುತುತ್ತದಲ್ಲಿರುವ ತಾಮ್ರವು ಮೀನಿಗೆ ಕಾಲಕೂಟ. ಅದರಲ್ಲಿಯೂ ಮಲೆನಾಡಿನ ಮೆದುನೀರಿನಲ್ಲಿ ಅದರ ವಿಷ ಇನ್ನೂ ತೀಕ್ಷ್ಣ. ತೋಟದ ಮನೆಯವರು ಈ ಒಂದು ಎಚ್ಚರಿಕೆಯನ್ನು ಎಂದಿಗೂ ಮರೆಯಬಾರದು. ಸಿಂಪಡಣೆಯ ದಿನಗಳಲ್ಲಿ ತೊಟ್ಟಿಗೂ ಪಾತಿಗೂ ಮುಚ್ಚಿಗೆಯಿರಲೇಬೇಕು.

ಸಂಜೆ ಕೆರೆಯ ದಂಡೆಯಿಂದ ಪಾಚಿ ಹಿಡಿದ ಹಿಡಿಯಷ್ಟು ಕಲ್ಲುಗಳನ್ನು ಒದ್ದೆಬಟ್ಟೆಯಲ್ಲಿ ತಂದು, ಅತ್ತೆಯವರ ಕೈಯಿಂದಲೇ ಜಲ್ಲಿಯಲ್ಲಿ ಹುದುಗಿಸಿದೆವು. ಇನ್ನು ಆ ಜೀವಿಗಳಿಗೆ ಆಹಾರ ಬೇಕಷ್ಟೆ. ಗೋಮೂತ್ರವನ್ನು ಹಾಕಬಹುದಲ್ಲವೇ ಎಂದು ಮನೆಯಾಕೆಯು ಕೇಳಿದಳು. ಅದರಲ್ಲಿಯೂ ಅಮೋನಿಯಕ್ಕೆ ಬೇಕಾದ ಸಾರವಿರುವುದು ನಿಜ. ಆದರೆ ಕೊಟ್ಟಿಗೆಯ ಸಗಣಿಯ ಸೋಂಕಿನಿಂದ ಹಸಿಯಾಗಿ ತಿನ್ನುವ ಸೊಪ್ಪಿಗೆ ರೋಗಾಣುಗಳು ಸೇರುವ ಭಯವುಂಟೆಂದು ಭಾವಮೈದುನನು ಒಪ್ಪಲಿಲ್ಲ. ಮೀನಿಲ್ಲದ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಮೇವನ್ನೇ ಹಾಕಿ ಕೊಳೆಯಬಿಟ್ಟೆವು. ಬಣ್ಣದ ಹನಿಗಳಿಂದ ನೀರನ್ನು ಪರೀಕ್ಷಿಸುವ ಸಣ್ಣ ಪೆಟ್ಟಿಗೆಯೊಂದಿದ್ದಿತು. ನಾಲ್ಕನೆಯ ದಿನ ಗಾಜಿನ ನಳಿಗೆಯಲ್ಲಿನ ಹಳದಿಯು ಹಸುರಿಗೆ ತಿರುಗಿತು, ಅಮೋನಿಯ ಹುಟ್ಟಿದ್ದಿತು.

ಇನ್ನು ಮಾಡುವುದೇನೂ ಉಳಿಯಲಿಲ್ಲ, ಕಾಯುವುದರ ಹೊರತು. ಆ ಬಿಡುವಿನಲ್ಲಿ ಭಾವಮೈದುನನು ನಮ್ಮನ್ನು ಬಿಸಿಲೆಯ ಕಡೆಗೆ ಕರೆದೊಯ್ದನು. ಆ ಹಾದಿಯಲ್ಲಿ ಮಂಕನಹಳ್ಳಿಯ ಬಳಿ ಬೆಟ್ಟದ ನೆತ್ತಿಯೊಂದುಂಟು. ಒಂದು ಪಕ್ಕಕ್ಕೆ ಬಂಗಾಳಕೊಲ್ಲಿ, ಮತ್ತೊಂದು ಪಕ್ಕಕ್ಕೆ ಅರಬ್ಬೀ ಸಮುದ್ರ ಎಂದು ತೋರಿಸುವ ಗುರುತೊಂದು ಅಲ್ಲಿ ನಿಂತಿದೆ. ಪೂರ್ವಕ್ಕೆ ಬಿದ್ದ ಹನಿಯು ಹೇಮಾವತಿಯನ್ನು ಸೇರಿ, ಕಾವೇರಿಯೊಡನೆ ಮೂಡಣ ಕಡಲಿಗೆ ನಡೆಯುವುದು. ಪಶ್ಚಿಮಕ್ಕೆ ಬಿದ್ದುದು ಕುಮಾರಧಾರೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಪಡುವಣ ಕಡಲಿಗೆ. ಒಂದೇ ಮೋಡದ ಮಕ್ಕಳು ಇಲ್ಲಿ ಅಗಲಿದರೆ ಮತ್ತೆ ಸೇರುವಂತಿಲ್ಲ. ಬಿಸಿಲೆಯ ದಟ್ಟವಾದ ಕಾಡು, ಅದರಾಚೆ ಪುಷ್ಪಗಿರಿಯ ಸಾಲು, ಕಣಿವೆಯಲ್ಲಿ ತೇಲುವ ಮಂಜು ಇವನ್ನೆಲ್ಲ ನೋಡುತ್ತ ನಿಂತಾಗ ನಮಗೆ ಹೊಳೆದುದೊಂದೇ: ಈ ಸೀಮೆಯ ನೀರೆಲ್ಲವೂ ಹೊರಟು ನಿಂತ ನೀರು. ಅದನ್ನು ಒಂದಿಷ್ಟು ಹೊತ್ತು ಮನೆಯಲ್ಲಿ ಉಳಿಸಿಕೊಂಡು, ಸುತ್ತಿಸಿ ಸುತ್ತಿಸಿ ದುಡಿಸಿಕೊಳ್ಳುವುದೇ ಹಿತ್ತಿಲಿನ ಆ ಸಣ್ಣ ಪ್ರಯತ್ನ.

ಎಂಟು ದಿನಗಳಿದ್ದು ನಾವು ಊರಿಗೆ ಮರಳಿದೆವು. ಮುಂದಿನ ವರ್ತಮಾನವು ದೂರವಾಣಿಯಲ್ಲಿ ತಿಳಿಯುತ್ತಿದ್ದಿತು. ಹನ್ನೆರಡನೆಯ ದಿನ ನೈಟ್ರೈಟ್ ಕಾಣಿಸಿತು. ಇಪ್ಪತ್ತನೆಯ ದಿನ ಅಮೋನಿಯ ಇಳಿಯಿತು, ನೈಟ್ರೈಟ್ ಮಾತ್ರ ಇಳಿಯಲಿಲ್ಲ. ಮಗನಿಗೆ ತಾಳ್ಮೆ ತಪ್ಪಿತು, ತಾಯಿ ಬಗ್ಗಲಿಲ್ಲ. ಇಪ್ಪತ್ತೇಳನೆಯ ದಿನ ಎರಡೂ ಇಲ್ಲವಾಗಿ, ನೈಟ್ರೇಟ್ ಒಂದೇ ಉಳಿಯಿತು. ಮೂರು ದಿನ ಸತತವಾಗಿ ಹಾಗೆಯೇ ಇರುವುದನ್ನು ಕಂಡ ಮೇಲೆ ಅತ್ತೆಯವರು "ಹೆಪ್ಪು ಹಿಡಿಯಿತು" ಎಂದರಂತೆ. ಮೊದಲು ೧೫ ಮರಿಗಳು, ಎರಡು ವಾರ ಕಳೆದ ಮೇಲೆ ಮತ್ತೆ ೨೫ ಮರಿಗಳು ತೊಟ್ಟಿಯನ್ನು ಸೇರಿದುವು. ಪಾತಿಯಲ್ಲಿ ಬಸಳೆ, ಹರಿವೆ, ಪುದೀನ, ಕೊತ್ತಂಬರಿಗಳು ಬೇರೂರಿದುವು.

ಗೌರಿಹಬ್ಬಕ್ಕೆ ಮನೆಯಾಕೆಯೊಡನೆ ನಾವು ಪುನಃ ಯಸಳೂರಿಗೆ ಹೋದಾಗ ಮಳೆಯು ನಿಂತಿರಲಿಲ್ಲ. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ ಈ ಬೆಟ್ಟಗಳಲ್ಲಿಯೂ ಗುಡ್ಡಗಳು ಜರಿದು ಹಾದಿಗಳು ಮುಚ್ಚಿಹೋದುದನ್ನು ಕಂಡವರು ಅಲ್ಲಿನ ಗಾಳಿಮಳೆಯನ್ನು ಹಗುರವಾಗಿ ಎಣಿಸಲಾರರು. ನಾವು ಹೋದ ಮರುದಿನವೇ ಎಲ್ಲಿಯೋ ಮರ ಬಿದ್ದು ವಿದ್ಯುತ್ತು ನಿಂತಿತು. ಇನ್ವರ್ಟರು ಒಂದು ಹಗಲು ಪಂಪನ್ನು ನಡೆಸಿ ಅದೂ ಬರಿದಾಯಿತು. ರಾತ್ರಿ ಹತ್ತು ಗಂಟೆಯ ವೇಳೆಗೆ ಭಾವಮೈದುನನು ಕೈದೀಪ ಹಿಡಿದು ನೋಡಿಬಂದು, ಬಿಳಿಚಿದ ಮುಖದಿಂದ, "ಭಾವ, ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆ" ಎಂದನು. ಪಂಪು ನಿಂತುದರಿಂದ ನೀರಿನಲ್ಲಿ ಪ್ರಾಣವಾಯು ತೀರುತ್ತಬಂದಿದ್ದಿತು.

ಆಗ ಮುಂದೆ ಬಂದವರು ಅತ್ತೆಯವರು. ಗೊರಬು ಸೂಡಿ, ಕೈಯಲ್ಲಿ ತಾಮ್ರದ ಚೊಂಬು ಹಿಡಿದು ತೊಟ್ಟಿಯ ಬಳಿ ನಿಂತರು. ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ತೊಟ್ಟಿಗೇ ಸುರಿಯುವುದು, ಇಷ್ಟೇ ಕೆಲಸ. ಬೀಳುವ ನೀರು ಗಾಳಿಯನ್ನು ಒಳಕ್ಕೆಳೆದುಕೊಳ್ಳುವುದು. ಅವರ ಕೈಯಿಂದ ಚೊಂಬನ್ನು ತೆಗೆದುಕೊಂಡು ನಾವು, ನಮ್ಮ ಬಳಿಕ ಮನೆಯಾಕೆ, ಆಮೇಲೆ ಭಾವಮೈದುನ ಹೀಗೆ ಸರದಿಯ ಮೇಲೆ ಮೊಗೆದು ಸುರಿದೆವು. ಐದು ನಿಮಿಷ ನಿಂತರೆ ಮೀನುಗಳು ಮತ್ತೆ ಮೇಲೇಳುತ್ತಿದ್ದುವು. ಮಳೆಯ ಹೊಡೆತ, ಜಿಗಣೆಯ ಕಾಟ, ತೋಳಿನ ನೋವು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ನಡುರಾತ್ರಿ ಕಳೆದ ಮೇಲೆ ಅತ್ತೆಯವರು, "ಮೇಲಿನ ಒರತೆಯ ನೀರು ಸುಮ್ಮನೆ ಹರಿದುಹೋಗುತ್ತಿದೆಯಲ್ಲ, ಅಡಿಕೆದಬ್ಬೆ ಕಟ್ಟಿದರೆ ಅದೇ ಬಂದು ಬೀಳುವುದಿಲ್ಲವೇ?" ಎಂದರು. ಹಿಂದಿನ ಕಾಲದಲ್ಲಿ ಬಚ್ಚಲಿಗೆ ನೀರು ಬರುತ್ತಿದ್ದುದು ಹಾಗೆಯೇ. ಬೆಳಕು ಹರಿಯುವಷ್ಟರಲ್ಲಿ ಸೀಳಿದ ಅಡಿಕೆಮರದ ನಾಲ್ಕು ದಬ್ಬೆಗಳು ಒಂದಕ್ಕೊಂದು ತಲೆಗೊಟ್ಟು ಒರತೆಯಿಂದ ತೊಟ್ಟಿಯವರೆಗೆ ಇಳಿದುವು. ಎದೆಯೆತ್ತರದಿಂದ ಬೀಳುವ ಆ ಧಾರೆಗೆ ಪಂಪೂ ಬೇಡ, ವಿದ್ಯುತ್ತೂ ಬೇಡ. ಹೆಚ್ಚಾದ ನೀರು ತೊಟ್ಟಿಯ ಅಂಚಿನ ಕೊಳವೆಯಿಂದ ಹಲಸಿನ ಬುಡಕ್ಕೆ ಹೋಯಿತು. ಮೂರು ಮೀನುಗಳು ಸತ್ತುವು, ಮೂವತ್ತೇಳು ಉಳಿದುವು. ಬೆಳಗ್ಗೆ ಎಣಿಸಿ ಹೇಳಿದವರೂ ಅತ್ತೆಯವರೇ.

ಆ ಧಾರೆಯಿಂದ ಮತ್ತೊಂದು ಪಾಠವೂ ದೊರೆಯಿತು. ಮಲೆನಾಡಿನ ನೀರಿನಲ್ಲಿ ಸುಣ್ಣದ ಅಂಶ ಬಹು ಕಡಮೆ. ಸೂಕ್ಷ್ಮಜೀವಿಗಳು ಕೆಲಸ ಮಾಡಿದಷ್ಟೂ ನೀರು ಹುಳಿಯ ಕಡೆಗೆ ವಾಲುವುದು. ಅದನ್ನು ತಡೆಯಬಲ್ಲುದು ಸುಣ್ಣವೇ. ಹುಳಿ ಕ್ಷಾರಗಳ ಅಳತೆಯಾದ ಪಿ.ಎಚ್. ಎಂಬುದು ೬ರಿಂದ ೭ರೊಳಗಿದ್ದರೆ ಮೀನು, ಗಿಡ, ಜೀವಿಗಳು ಮೂರಕ್ಕೂ ಹಿತ. ಹಬ್ಬವಾಗಿ ಒಂದು ವಾರದ ಮೇಲೆ ಅದು ೬ಕ್ಕಿಂತ ಕೆಳಗಿಳಿದು, ಜೀವಿಗಳು ಮಂಕಾಗಿ, ಅಮೋನಿಯ ಮತ್ತೆ ತಲೆದೋರಿತು. ಗಾಬರಿಯಿಂದ ಒಂದು ಹಿಡಿ ನೀರುಸುಣ್ಣವನ್ನು ಎರಚಿದ್ದರೆ ಮೀನುಗಳಿಗೆ ಅಂದೇ ಕೊನೆಯಾಗುತ್ತಿದ್ದಿತು. ಹುಳಿನೀರಿನಲ್ಲಿ ಅಷ್ಟಾಗಿ ಕೆಡುಕು ಮಾಡದ ಅಮೋನಿಯದ ರೂಪವು, ಪಿ.ಎಚ್. ಥಟ್ಟನೆ ಏರಿದೊಡನೆ ಉಗ್ರವಿಷವಾಗಿ ಮಾರ್ಪಡುವುದು. ಅದಕ್ಕೆ ಬದಲಾಗಿ ಕಡಲತೀರದಿಂದ ತರಿಸಿದ ಕಪ್ಪೆಚಿಪ್ಪಿನ ಚೂರುಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ನೀರು ಬೀಳುವೆಡೆಯಲ್ಲಿ ತೂಗುಹಾಕಿದರು; ಎರಡು ಮೂರು ದಿನ ಮೇವನ್ನೂ ಕಡಮೆ ಮಾಡಿದರು. ಚಿಪ್ಪು ತನಗೆ ಬೇಕಾದಷ್ಟೇ ಕರಗುವುದು, ಅವಸರಪಡದು. ಫ್ರಾನ್ಸಿನ ಆ ವಿಜ್ಞಾನಿಗಳು ಮರಳಿನೊಡನೆ ಸುಣ್ಣಕಲ್ಲನ್ನು ಬೆರಸಿದುದರ ಮರ್ಮವು ನಮಗೆ ಆಗ ತಿಳಿಯಿತು.

ಪುಷ್ಯಮಾಸದಲ್ಲಿ, ಕಾಫಿಯ ಕೊಯ್ಲಿನ ನಡುವೆ, ಮೂರನೆಯ ಸಲ ಹೋದೆವು. ಬಸಳೆಯ ಬಳ್ಳಿ ಚಪ್ಪರವನ್ನು ಮುಚ್ಚಿದ್ದಿತು. ಹರಿವೆಯ ದಂಟುಗಳು ಬೆರಳಿನ ಗಾತ್ರವಾಗಿದ್ದುವು. ಟೊಮೆಟೊ ಗಿಡದ ಚಿಗುರು ಮಾತ್ರ ನರಗಳು ಹಸುರಾಗಿ ಉಳಿದುದೆಲ್ಲ ಹಳದಿಯಾಗಿದ್ದಿತು. ಕಬ್ಬಿಣದ ಕೊರತೆಯ ಚಿಹ್ನೆಯದು. ತುಕ್ಕುಹಿಡಿದ ಮೊಳೆಗಳನ್ನು ಹಾಕಿ ನೋಡಿದರೂ ಗುಣವಾಗದೆ, ಗೊಬ್ಬರದಂಗಡಿಯಲ್ಲಿ ಸಿಕ್ಕುವ ಕಬ್ಬಿಣದ ಕೀಲೇಟನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿದ ಮೇಲೆ ಹೊಸ ಎಲೆ ಹಸುರಾಯಿತು. ಮೀನುಗಳು ಒಂದೊಂದೂ ಕಾಲು ಕಿಲೋಗ್ರಾಮಿನಷ್ಟು ತೂಗುತ್ತಿದ್ದುವು. ಆ ದಿನ ಕಡುಬಿನೊಡನೆ ಬಸಳೆಯ ಸಾರೂ ಗೆಂಡೆಮೀನಿನ ಹುಳಿಯೂ ಆಗಿದ್ದುವು. ಬಡಿಸುವಾಗ ಅತ್ತೆಯವರು ಬಸಳೆಯ ಪಾತ್ರೆಯನ್ನು ಮುಂದಿಟ್ಟುಕೊಂಡು, "ಇದು ಸಂತೆಯದಲ್ಲ" ಎಂದಷ್ಟೇ ಹೇಳಿದರು. ನಮ್ಮಾಕೆಯು ತಲೆ ತಗ್ಗಿಸಿ ಸೆರಗಿನಿಂದ ಕಣ್ಣೊರಸಿಕೊಂಡಳು.

ಇದನ್ನು ಹೂಡಬಯಸುವ ಗೃಹಸ್ಥರಿಗೆ ನಾಲ್ಕು ಮಾತುಗಳು. ಇದು ಲಾಭದ ವ್ಯಾಪಾರವಲ್ಲ. ಮನೆಯ ಊಟಕ್ಕೆ ಸೊಪ್ಪು, ಆಗೊಮ್ಮೆ ಈಗೊಮ್ಮೆ ಮೀನು, ಇಷ್ಟನ್ನೇ ಬಯಸಿರಿ. ಸೊಪ್ಪು ಬೆಳೆಯುವ ಪಾತಿಯ ಒಂದು ಚದರ ಮೀಟರಿಗೆ ದಿನವೊಂದಕ್ಕೆ ೪೦ರಿಂದ ೫೦ ಗ್ರಾಂ ಮೀನಿನ ಮೇವಿನ ಲೆಕ್ಕ. ಮರಿಗಳು ಚಿಕ್ಕವಿರುವಾಗ ಬಹಳ ಕಡಮೆಯಿಂದ ಮೊದಲು ಮಾಡಿ, ಅರ್ಧ ಗಂಟೆಯೊಳಗೆ ತಿಂದು ಮುಗಿಸುವಷ್ಟೇ
ಹಾಕಿರಿ. ಸಾವಿರ ಲೀಟರಿನ ತೊಟ್ಟಿಯಲ್ಲಿ ಹತ್ತು ಕಿಲೋಗ್ರಾಂ ಮೀನಿಗೆ ಮೀರದಿದ್ದರೆ ನೆಮ್ಮದಿ. ಮೀನಿನ ಆಯ್ಕೆಯಲ್ಲಿ ಎಚ್ಚರವಿರಲಿ. ಆಫ್ರಿಕದ ಕ್ಯಾಟ್‌ಫಿಶ್ ಸಾಕುವುದು ನಮ್ಮ ದೇಶದಲ್ಲಿ ನಿಷಿದ್ಧ. ತಿಲಾಪಿಯ ಸಾಕಲು ಸರಕಾರದ ಅಪ್ಪಣೆ ಬೇಕು. ಯಾವ ಸಾಕುಮೀನನ್ನೂ ಹಳ್ಳಕ್ಕೆ ಬಿಡಬೇಡಿರಿ. ಪಶ್ಚಿಮಘಟ್ಟದ ತೊರೆಗಳಲ್ಲಿ ಬೇರೆಲ್ಲಿಯೂ ಇಲ್ಲದ ಮೀನುಗಳು ಇರುವುವು. ತೊಟ್ಟಿಯ ಮೇಲೆ ಬಲೆಯನ್ನು ಮುಚ್ಚದಿದ್ದರೆ ಮಿಂಚುಳ್ಳಿಯು ನಿಮಗಿಂತ ಮುಂಚೆ ಕೊಯ್ಲು ಮಾಡೀತು. ನಲ್ಲಿಯ ನೀರಾದರೆ ಅದರಲ್ಲಿನ ಕ್ಲೋರೀನು ಹೋಗುವಂತೆ ಒಂದೆರಡು ದಿನ ತೆರೆದಿಟ್ಟು ಬಳಸಿರಿ. ಎಲ್ಲಕ್ಕೂ ಮಿಗಿಲಾಗಿ, ಮೊದಲ ತಿಂಗಳು ಮೀನನ್ನು ತರಬೇಡಿರಿ.

ಹೊರಡುವ ದಿನ ಅತ್ತೆಯವರು ಮಗಳಿಗೆ ಕುಂಕುಮವಿಟ್ಟು, ಎಲೆಯಡಿಕೆಯೊಡನೆ ಒದ್ದೆಬಟ್ಟೆಯ ಒಂದು ಗಂಟನ್ನೂ ಕೈಗಿತ್ತರು. ಬಿಚ್ಚಿ ನೋಡಿದರೆ ಪಾತಿಯ ಹಿಡಿಯಷ್ಟು ಜಲ್ಲಿ. "ಒಣಗಲು ಬಿಡಬೇಡ" ಎಂದರು. ಈಗ ನಮ್ಮ ಮನೆಯ ಹಿಂದೆ ಸಣ್ಣದೊಂದು ತೊಟ್ಟಿಯಲ್ಲಿ ಆ ಹೆಪ್ಪು ಬಿದ್ದಿದೆ. ಇಂದಿಗೆ ಹನ್ನೊಂದನೆಯ ದಿನ. ನಳಿಗೆಯ ನೀರು ಇನ್ನೂ ಹಸುರಾಗಿಯೇ ಇದೆ, ನಾವೂ ಕಾಯುತ್ತಲಿದ್ದೇವೆ.